ಕಕ್ಷೆಯಲ್ಲಿ ಸಂಧ್ಯಾವಂದನೆಗೆ ಹೊತ್ತು ಯಾವುದು?

ಡಿಸೆಂಬರಿನ ತಿಳಿ ಸಂಜೆ ಆಗುಂಬೆಯಲ್ಲಿ ದಿಗಂತ ಮುಟ್ಟಿದ ಸೂರ್ಯಬಿಂಬ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. 400 ಕಿ.ಮೀ. ಮೇಲಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದೇ ಬಿಂಬ ಸುಮಾರು ಹತ್ತು ಸೆಕೆಂಡಿನಲ್ಲಿ ಮಾಯ. ಮೂವತ್ತೈದು ನಿಮಿಷ ಕತ್ತಲು, ಮತ್ತೆ ಉದಯ. ಭೂಮಿಯ ಒಂದು ಸುತ್ತಿಗೆ 93 ನಿಮಿಷ, ದಿನಕ್ಕೆ ಹದಿನೈದೂವರೆ ಸುತ್ತು.

ಹಾಗಾದರೆ ಸಂಧ್ಯಾವಂದನೆ ದಿನಕ್ಕೆ ಮೂವತ್ತು ಸಲವೇ? ತಮಾಷೆಗೆ ಕೇಳುವವರಿಗೆ ಇದರ ಪೂರ್ತಿ ಪೇಚು ಗೊತ್ತಿರುವುದಿಲ್ಲ. ಭೂಮಧ್ಯರೇಖೆಗೆ ನಿಲ್ದಾಣದ ಕಕ್ಷೆಯ ವಾಲು 51.6 ಡಿಗ್ರಿ, ಭೂಮಿಯ ಅಕ್ಷದ್ದು 23.4. ಜೂನ್, ಡಿಸೆಂಬರ್ ಆಸುಪಾಸಿನಲ್ಲಿ ಇವೆರಡೂ ಒಂದೇ ಕಡೆ ಕೂಡಿಕೊಂಡರೆ ಕಕ್ಷೆಯ ಸಮತಲಕ್ಕೂ ಸೂರ್ಯನ ದಿಕ್ಕಿಗೂ ನಡುವಿನ ಕೋನ 75 ಡಿಗ್ರಿವರೆಗೆ ಹೋಗುತ್ತದೆ. ಸುಮಾರು 70 ದಾಟಿತೆಂದರೆ ನಿಲ್ದಾಣ ಭೂಮಿಯ ನೆರಳಿಗೆ ಬರುವುದೇ ಇಲ್ಲ. ಆ ಕೆಲವು ದಿನ ಉದಯವೂ ಇಲ್ಲ, ಅಸ್ತವೂ ಇಲ್ಲ.

ಅರ್ಘ್ಯದ್ದು ಬೇರೆಯದೇ ಫಜೀತಿ. ಬೊಗಸೆಯ ನೀರು ಕೆಳಗೆ ಬೀಳದು. ಮೇಲ್ಮೈ ಎಳೆತಕ್ಕೆ ಅಂಗೈಗೆ ಅಂಟಿಕೊಂಡು ಮಣಿಕಟ್ಟಿನತ್ತ ಹರಡುತ್ತದೆ. ಕೊಡವಿದರೆ ಉಂಡೆಗಳಾಗಿ ಹಾರಿ ಉಪಕರಣಗಳ ಸಂದಿ ಸೇರಬಹುದು. ಟವೆಲ್ಲಿಗೆ ಒರೆಸಿ ಮುಗಿಸುವುದು ಕ್ಷೇಮ.

2007ರ ಅಕ್ಟೋಬರಿನಲ್ಲಿ, ರಂಜಾನ್ ಮುಗಿಯುವ ಹೊತ್ತಿಗೆ, ಮಲೇಷ್ಯಾದ ಗಗನಯಾತ್ರಿ ಶೇಖ್ ಮುಸ್ಜಾಫರ್ ಶುಕೋರ್ ಕಜಾಕಸ್ತಾನದ ಬೈಕನೂರು ಉಡಾವಣಾ ಕೇಂದ್ರದಿಂದ ನಿಲ್ದಾಣಕ್ಕೆ ಹೊರಟರು. ಅವರ ದೇಶದ ಧರ್ಮವಿದ್ವಾಂಸರು ಮೊದಲೇ ಬಗೆಹರಿಸಿಟ್ಟಿದ್ದರು: 24 ಗಂಟೆಗೆ ಐದೇ ನಮಾಜು, ಹೊತ್ತು ಉಡಾವಣೆಯಾದ ಜಾಗದ್ದು. ಸಾಧ್ಯವಾದರೆ ಕಾಬಾದ ಕಡೆ ಮುಖ, ಆಗದಿದ್ದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಯಾವ ಕಡೆಯಾದರೂ ಸರಿ. ಜಾಣತನದ ಮಾತು. ಸೆಕೆಂಡಿಗೆ 7.7 ಕಿ.ಮೀ. ಓಡುವ ನಿಲ್ದಾಣ ಹತ್ತು ನಿಮಿಷದ ನಮಾಜಿನೊಳಗೆ 4,600 ಕಿ.ಮೀ. ಸರಿದಿರುತ್ತದೆ!

ಇನ್ನು ‘ಮೇಲಿನಿಂದ ಗಡಿಗಳೇ ಕಾಣವು, ಮನುಕುಲವೆಲ್ಲ ಒಂದೇ’ ಎಂಬ ಭಾಷಣ ಕೇಳಿ ಕೇಳಿ ಸಾಕಾಗಿದೆ. ಭಾರತ–ಪಾಕಿಸ್ತಾನ ಗಡಿಯ ದೀಪಗಳು ನಿಲ್ದಾಣದಿಂದ ತೆಗೆದ ರಾತ್ರಿಯ ಫೋಟೊಗಳಲ್ಲಿ ಕಿತ್ತಳೆ ಗೆರೆಯಾಗಿ ಎದ್ದು ಕಾಣುತ್ತವೆ. ಒಗ್ಗಟ್ಟು ನೋಡಬೇಕಿದ್ದರೆ ಅಲ್ಲಿನ ಗಡಿಯಾರ ನೋಡಿ. ನಿಲ್ದಾಣವನ್ನು ನೆಲದಿಂದ ನಿಯಂತ್ರಿಸುವ ಹ್ಯೂಸ್ಟನ್ನಿನವರಿಗೂ ಮಾಸ್ಕೋದವರಿಗೂ ಸ್ವಂತದ್ದಲ್ಲದ, ಇಬ್ಬರ ನಡುವೆ ಬೀಳುವ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕೆ ಎಲ್ಲರೂ ಒಪ್ಪಿದ್ದಾರೆ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿದ್ದಾಗಲೂ ಅದೇ ಲೆಕ್ಕ. ಅಲ್ಲಿ ಬೆಳಿಗ್ಗೆ ಆರಾದರೆ ಶಿವಮೊಗ್ಗದಲ್ಲಿ ಹನ್ನೊಂದೂವರೆ.

ಮಲೇಷ್ಯಾದವರ ಸೂತ್ರವನ್ನೇ ಇಸ್ರೋದ ಗಗನಯಾನಕ್ಕೂ ಹಚ್ಚಿದರೆ ಶ್ರೀಹರಿಕೋಟದ ಸೂರ್ಯೋದಯ ಹಿಡಿಯಬೇಕು. ಅದು ತೀರ್ಥಹಳ್ಳಿಗಿಂತ ಸುಮಾರು ಐದು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ತೀರ್ಥಹಳ್ಳಿಯ ಭಟ್ಟರೊಬ್ಬರು ಗಗನಯಾತ್ರಿಯಾದರೆ, ಊರಿನಲ್ಲಿ ಕೂರುತ್ತಿದ್ದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ಅಲಾರಂ ಇಟ್ಟುಕೊಳ್ಳಬೇಕು.