ಕೂಗಿಸಿಕೊಳ್ಳುವ ಕೆಲಸದವಳು ತಿರುಗಿ ನಿಂತಾಗ

1940ರಲ್ಲಿ ಬಂದ ಹಾಲಿವುಡ್ ಚಿತ್ರ ‘ಡ್ಯಾನ್ಸ್, ಗರ್ಲ್, ಡ್ಯಾನ್ಸ್’ ಮಕಾಡೆ ಮಲಗಿತು. ಆರ್‌ಕೆಒ ಸ್ಟುಡಿಯೊಗೆ ಸುಮಾರು 4 ಲಕ್ಷ ಡಾಲರ್ ನಷ್ಟ. ಚಿತ್ರೀಕರಣದಲ್ಲೇ ತೊಡಕಿತ್ತು. ನಿರ್ಮಾಪಕ ಎರಿಕ್ ಪಾಮರ್, ಕೆಲಸ ಶುರುಮಾಡಿದ್ದ ನಿರ್ದೇಶಕ ರಾಯ್ ಡೆಲ್ ರುತ್ ಜಾಗಕ್ಕೆ ನಿರ್ದೇಶಕಿ ಡೊರೊತಿ ಆರ್ಜ್ನರ್ ಅವರನ್ನು ತಂದರು. ಆರ್ಜ್ನರ್ ಚಿತ್ರಕಥೆಯ ಬೆನ್ನೆಲುಬನ್ನೇ ತಿರುಗಿಸಿದರು. ನೃತ್ಯತಂಡದ ಯಜಮಾನನ ಪಾತ್ರ ಹೆಂಗಸಿನದಾಯಿತು. ಮಾರಿಯಾ ಊಸ್ಪೆನ್ಸ್ಕಾಯಾ ಟೈ ಕಟ್ಟಿಕೊಂಡು ಅದನ್ನು ಆಡಿದರು. ಜೂಡಿ (ಮೌರೀನ್ ಒಹಾರಾ) ಮತ್ತು ಬಬಲ್ಸ್ (ಲೂಸಿಲ್ ಬಾಲ್) ಎಂಬ ಇಬ್ಬರು ನರ್ತಕಿಯರ ಪೈಪೋಟಿ ಬ್ಯಾಲೆಗೂ ಬರ್ಲೆಸ್ಕ್‌ಗೂ (ಬಟ್ಟೆ ಬಿಚ್ಚುವ ಕುಣಿತ, ಹಾಸ್ಯ ಬೆರೆತ ರಂಗಪ್ರದರ್ಶನ) ನಡುವಿನ ಜಗಳವಾಯಿತು.

ಆ ಜಗಳದ ಯಂತ್ರ ಹೀಗೆ ತಿರುಗುತ್ತದೆ: ಮೊದಲು ಬಬಲ್ಸ್ ಕುಣಿದು ಗಂಡಸರನ್ನು ಕಾವೇರಿಸುತ್ತಾಳೆ. ಆಮೇಲೆ ಜೂಡಿ ಬ್ಯಾಲೆ ಉಡುಪಿನಲ್ಲಿ ಬರುತ್ತಾಳೆ. ಸಭೆ ಹುಯಿಲಿಡುತ್ತದೆ. ಹುಯಿಲು ಜೋರಾದಷ್ಟೂ ಬಬಲ್ಸ್‌ಗೆ ಬೇಡಿಕೆ. ಈ ಕೆಲಸಕ್ಕೆ ಅಲ್ಲಿ ‘ಸ್ಟೂಜ್’ ಎನ್ನುತ್ತಾರೆ. ಒಳ್ಳೆಯ ಕಲೆಯ ಮೇಲೆ ಕೂಗಿಸುವುದಕ್ಕೇ ಸಂಬಳ!

ಬರ್ಲೆಸ್ಕ್ ಆಗ ತಂಟೆಯ ವಸ್ತು. ನ್ಯೂಯಾರ್ಕ್ ನಗರ 1937ರಲ್ಲೇ ಅದರ ಪರವಾನಗಿಗಳನ್ನು ತಡೆಹಿಡಿದಿತ್ತು. 1934ರಿಂದ ಬಿಗಿಯಾಗಿದ್ದ ಪ್ರೊಡಕ್ಷನ್ ಕೋಡ್, ಅಂದರೆ ಹಾಲಿವುಡ್ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮಗಳು, ಬೇರೆ ಇತ್ತು. ಬಟ್ಟೆ ಬಿಚ್ಚುವುದನ್ನು ತೋರಿಸುವಂತಿಲ್ಲ, ಆದರೆ ಬಿಚ್ಚಲಿ ಎಂದು ಕಾದಿರುವ ಮುಖಗಳನ್ನು ತೋರಿಸಬಹುದು. ಆರ್ಜ್ನರ್ ಕ್ಯಾಮೆರಾವನ್ನು ಆಗಾಗ ಅತ್ತ ತಿರುಗಿಸುತ್ತಾರೆ.

ಒಂದು ರಾತ್ರಿ ಜೂಡಿಯ ಉಡುಪಿನ ಪಟ್ಟಿ ಹರಿಯುತ್ತದೆ. ಅವಳು ಕುಣಿತ ನಿಲ್ಲಿಸಿ ವೇದಿಕೆಯ ಅಂಚಿಗೆ ಬರುತ್ತಾಳೆ, ಕೈ ಕಟ್ಟಿಕೊಳ್ಳುತ್ತಾಳೆ. ಐವತ್ತು ಸೆಂಟ್ ಕೊಟ್ಟು ದಿಟ್ಟಿಸಲು ಬಂದವರನ್ನು ಒಂದೊಂದು ಮಾತಿನಲ್ಲಿ ಬೆತ್ತಲು ಮಾಡುತ್ತಾಳೆ. ನಡುನಡುವೆ ಸಭೆಯ ಶಾಟ್‌ಗಳು: ಇಷ್ಟು ಹೊತ್ತು ಕೂಗುತ್ತಿದ್ದವರು ಮಿಸುಕಾಡುತ್ತಾರೆ, ಕಣ್ಣು ತಪ್ಪಿಸುತ್ತಾರೆ.

1970ರ ದಶಕದ ಸ್ತ್ರೀವಾದಿ ವಿಮರ್ಶಕಿಯರು ಚಿತ್ರವನ್ನು ಮತ್ತೆ ಹೊರತೆಗೆದದ್ದು ಮುಖ್ಯವಾಗಿ ಈ ದೃಶ್ಯಕ್ಕಾಗಿ. 1975ರಲ್ಲಿ ಕ್ಲೇರ್ ಜಾನ್‌ಸ್ಟನ್ ಸಂಪಾದಿಸಿದ, ಆರ್ಜ್ನರ್ ಕುರಿತ ಕಿರುಹೊತ್ತಿಗೆ ಬಂತು. ಆದರೆ ಆಗಲೇ ಒಂದು ತಕರಾರೂ ಎದ್ದಿತು: ಜೂಡಿಯ ಮಾತು ಮುಗಿದದ್ದೇ ಸಭೆ ಎದ್ದು ಚಪ್ಪಾಳೆ ತಟ್ಟುತ್ತದಲ್ಲ, ಹಾಗಾದರೆ ಬೈಗುಳವೂ ಇನ್ನೊಂದು ಐಟಂ ಆಗಿಹೋಯಿತಲ್ಲವೆ? ತಕರಾರು ಸರಿಯೇ. ಜೊತೆಗೆ, ಮೊದಲ ಚಪ್ಪಾಳೆ ಹೆಂಗಸೊಬ್ಬಳದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮರುಕ್ಷಣವೇ ಇಬ್ಬರು ನರ್ತಕಿಯರೂ ವೇದಿಕೆಯ ಮೇಲೆ ಜಡೆ ಹಿಡಿದು ಬಡಿದಾಡುತ್ತಾರೆ. ಅದೇ ಸಭೆ ಖುಷಿಯಿಂದ ಮತ್ತೆ ಕೂಗತೊಡಗುತ್ತದೆ.

2007ರಲ್ಲಿ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿ ಸೇರಿತು. ನಷ್ಟ ಅನುಭವಿಸಿದ ಆರ್‌ಕೆಒ ಅಷ್ಟು ಹೊತ್ತಿಗೆ ಯಾವಾಗಲೋ ಕೈ ಬದಲಾಗಿತ್ತು. 1957ರಲ್ಲಿ ಅದರ ಸ್ಟುಡಿಯೊ ಜಾಗಗಳನ್ನು ಕೊಂಡ ಡೆಸಿಲು ಕಂಪನಿಯ ಒಡತಿ ಬಬಲ್ಸ್ ಪಾತ್ರಧಾರಿ ಲೂಸಿಲ್ ಬಾಲ್, ಪತಿ ಡೆಸಿ ಅರ್ನಾಜ್ ಜೊತೆಗೆ.