ಮೆಕ್ಕೆಜೋಳ ಯಾಕೆ ರೈಲು ಹತ್ತುವುದಿಲ್ಲ?

ಪ್ರಶ್ನೆ: ದಾವಣಗೆರೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಮಿಲ್‌ಗಳಿಗೆ ಲಾರಿಯಲ್ಲೇ ಹೋಗುತ್ತದೆ. ರೈಲು ಅಗ್ಗ, ಸ್ಟೇಷನ್ನೂ ಊರೊಳಗೇ ಇದೆ. ಇದು ಲಾರಿಯವರ ಲಾಬಿ ತಾನೇ?

ಉತ್ತರ: ದೀಪಾವಳಿ ಮುಗಿದು ಕಣಗಳೆಲ್ಲ ಹಳದಿಯಾದವು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಲಾಬಿಯನ್ನು ಸ್ವಲ್ಪ ಪಕ್ಕಕ್ಕಿಡಿ, ಚೀಲ ಎಣಿಸೋಣ.

ಟನ್ನಿಗೆ, ಕಿಲೋಮೀಟರಿಗೆ ಇಷ್ಟು ಅಂತ ಲೆಕ್ಕ ಹಾಕಿದರೆ ರೈಲು ಅಗ್ಗ, ಒಪ್ಪಿದೆ. ಆದರೆ ಅದು ರೈಲ್ವೆಯವರು ಸರಕು ಏರಿಸಿ ಇಳಿಸುವ ಗೂಡ್ಸ್ ಶೆಡ್‌ನಿಂದ ಇನ್ನೊಂದು ಗೂಡ್ಸ್ ಶೆಡ್‌ಗೆ ಮಾತ್ರ. ಮೆಕ್ಕೆಜೋಳ ಹುಟ್ಟುವುದೂ ಶೆಡ್‌ನಲ್ಲಲ್ಲ, ಕೋಳಿ ತಿನ್ನುವುದೂ ಶೆಡ್‌ನಲ್ಲಲ್ಲ.

ಲಾರಿಯಾದರೆ ಚೀಲ ಎರಡೇ ಸಲ ಹಮಾಲರ ಬೆನ್ನೇರುತ್ತದೆ: ದಲಾಲಿ ಅಂಗಡಿಯಲ್ಲಿ ಒಮ್ಮೆ, ಮಿಲ್‌ನಲ್ಲಿ ಒಮ್ಮೆ. ರೈಲಾದರೆ ಅಂಗಡಿಯಿಂದ ಲಾರಿಗೆ, ಲಾರಿಯಿಂದ ವ್ಯಾಗನ್‌ಗೆ, ಆ ಊರಲ್ಲಿ ವ್ಯಾಗನ್‌ನಿಂದ ಮತ್ತೆ ಲಾರಿಗೆ, ಲಾರಿಯಿಂದ ಗೋದಾಮಿಗೆ. ಒಟ್ಟು ನಾಲ್ಕು ಸಲ, ನಡುವೆ ಪ್ಲಾಟ್‌ಫಾರಂ ಮೇಲೆ ಇಳಿಸಿದರೆ ಐದು. ಪ್ರತಿ ಸಲವೂ ಹಮಾಲಿ ಕೊಡಬೇಕು. ಪ್ರತಿ ಸಲವೂ ಕೊಕ್ಕೆ ಹಾಕಿದ ಕಡೆ ಗೋಣಿ ಹರಿದು ಕಾಳು ಸೋರುತ್ತದೆ.

ಇದಕ್ಕಿಂತ ದೊಡ್ಡ ಅಡ್ಡಿ ರೇಕ್‌ನ, ಅಂದರೆ ಒಂದು ಇಡೀ ಗೂಡ್ಸ್ ರೈಲಿನ ಗಾತ್ರ. ಬಿಸಿಎನ್ ಅನ್ನುವ ಮುಚ್ಚಿದ ವ್ಯಾಗನ್‌ಗಳು 42 ಸೇರಿದರೆ ಒಂದು ರೇಕ್, ಸುಮಾರು 2,500 ಟನ್. 50 ಕೆ.ಜಿ.ಯ ಚೀಲದಲ್ಲಿ 50,000 ಚೀಲ. ಹತ್ತು ಚಕ್ರದ ಲಾರಿಗೆ 18 ಟನ್ ಹಿಡಿದರೆ ಹತ್ತಿರ ಹತ್ತಿರ 140 ಲೋಡು. ಮಿನಿ ರೇಕ್ ಕೊಟ್ಟರೂ ಸಾವಿರ ಟನ್ ದಾಟುತ್ತದೆ. ಮಿಲ್‌ನವರು ಕೇಳುವುದೋ ಇವತ್ತು ಒಂದು ಲೋಡು, ನಾಳಿದ್ದು ಎರಡು. 50,000 ಚೀಲಕ್ಕೆ ಒಟ್ಟಿಗೆ ದುಡ್ಡು ಹಾಕಿ, ದಾಸ್ತಾನಿಟ್ಟು ಕಾಯುವವರು ಎಷ್ಟು ಜನ? ಅಂಥ ವ್ಯಾಪಾರಿ ಸಿಕ್ಕಾಗ ರೈಲಿಗೂ ಹೋಗುತ್ತದೆ.

ಇನ್ನು ಗಡಿಯಾರ. ರೇಕ್ ರಾತ್ರಿ ಎರಡಕ್ಕೆ ಬಂದು ನಿಂತರೂ ಲೋಡಿಂಗ್ ಗಡುವು ಆಗಲೇ ಓಡತೊಡಗುತ್ತದೆ. ತಡವಾದರೆ ದಂಡ: ವ್ಯಾಗನ್ ನಿಲ್ಲಿಸಿಕೊಂಡಿದ್ದಕ್ಕೆ ಡೆಮರೇಜ್, ಪ್ಲಾಟ್‌ಫಾರಂ ಮೇಲೆ ಬಿದ್ದ ಮಾಲಿಗೆ ವಾರ್ಫೇಜ್. ಅಷ್ಟರಲ್ಲಿ ಅಕಾಲದ ಮಳೆ ಬಂತೋ, 14 ಪರ್ಸೆಂಟ್ ತೇವಾಂಶಕ್ಕೆ ಒಣಗಿಸಿದ ಕಾಳು ಮತ್ತೆ ತೇವ ಎಳೆದುಕೊಂಡು ಚೀಲದೊಳಗೇ ಕಾವು ಕಟ್ಟಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಇದ್ದ ಮಾಲು ಕೋಳಿಗೆ ಆಗುವುದಿಲ್ಲ.

‘ಯೂರಿಯಾ ರೈಲಲ್ಲೇ ಬರುತ್ತಲ್ಲ?’ ಅಂತ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ. ಬರುತ್ತದೆ. ಕಳಿಸುವ ಕಂಪನಿ ಒಂದೇ, ಎಲ್ಲ ಚೀಲವೂ 45 ಕೆ.ಜಿ., ಒಂದು ರೇಕ್ ಇಳಿದರೆ ತಾಲ್ಲೂಕು ತಾಲ್ಲೂಕಿಗೆ ಹಂಚಬಹುದು. ಮೆಕ್ಕೆಜೋಳದ್ದು ಉಲ್ಟಾ: ಸಾವಿರಾರು ರೈತರಿಂದ ಕೂಡಿಸಬೇಕು. ಯೂರಿಯಾ ಇಳಿಸಿದ ವ್ಯಾಗನ್‌ಗೆ ಹಾಗೇ ಕಾಳು ತುಂಬಿ ಅನ್ನುವವರು ಮೊದಲು ಅದರ ನೆಲ ಗುಡಿಸಿ ನೋಡಲಿ.

ನಾಮಕ್ಕಲ್ ಲಾರಿಗಳ ಊರೂ ಹೌದು. ಊರ ಕಡೆ ಮುಖ ಮಾಡಿದ ಲಾರಿ ಖಾಲಿ ಹೋಗುವ ಬದಲು ಡೀಸೆಲ್ ಗಿಟ್ಟಿದರೂ ಸಾಕು ಅಂತ ಕಡಿಮೆ ಬಾಡಿಗೆಗೆ ಒಪ್ಪುತ್ತದೆ. ರಿಟರ್ನ್ ಲೋಡ್ ಅನ್ನುವುದು ಇದನ್ನೇ. ಇದನ್ನು ಲಾಬಿ ಅಂತ ಕರೆಯುವುದಾದರೆ ಕರೆಯಿರಿ.

ಯಾರೂ ಕೇಳದಿದ್ದರೂ ಮಂಡಕ್ಕಿಯದನ್ನೂ ಹೇಳಿಬಿಡುತ್ತೇನೆ, ಅದರ ಲೆಕ್ಕ ಇನ್ನೂ ಸೊಗಸು. ಭಟ್ಟಿಯಿಂದ ಬಂದ ಚೀಲಗಳನ್ನು ಅದೇ ಹತ್ತು ಚಕ್ರದ ಲಾರಿಗೆ ಏರಿಸಿ ಹಗ್ಗ ಬಿಗಿದರೂ, ಅದು ಹೊರಬಲ್ಲ ತೂಕದ ಕಾಲುಭಾಗ ದಾಟುವುದು ಕಷ್ಟ. ಜಾಗ ಮುಗಿಯುತ್ತದೆ, ತೂಕ ಬರುವುದಿಲ್ಲ. ಹಾಗಾಗಿ ಬಾಡಿಗೆ ಚೀಲದ ಲೆಕ್ಕದಲ್ಲಿ, ಕ್ವಿಂಟಲ್‌ನಲ್ಲಲ್ಲ. ಭತ್ತ ಎಷ್ಟು ದೂರವಾದರೂ ಹೋದೀತು, ಮಂಡಕ್ಕಿಗೆ ದಾರಿ ಉದ್ದವಾದಷ್ಟೂ ಬಾಡಿಗೆಯೇ ಅದರ ಬೆಲೆಯನ್ನು ತಿನ್ನುತ್ತದೆ. ಸಾಲದ್ದಕ್ಕೆ ತಾಡಪಾಲು ಒಂದು ಮೂಲೆಯಲ್ಲಿ ಹರಿದಿದ್ದರೂ ಸಾಕು, ಮೆತ್ತಗಾದ ಚೀಲವನ್ನು ಅಂಗಡಿಯವರು ಅದೇ ಲಾರಿಯಲ್ಲಿ ವಾಪಸ್ ಕಳಿಸುತ್ತಾರೆ.