ಪದ ಪರಿಚಯ: ಅಪಿಕೋಎಕ್ಟಮಿ

‘ನರ ತೆಗೆಸಿದ ಹಲ್ಲು ಮತ್ತೆ ಹೇಗೆ ಕೀವು ಕಟ್ಟಿತು?’ ಎಂದು ಹಾಸನದ ದಂತವೈದ್ಯರನ್ನು ಕೇಳಿದವರಿಗೆ ಕೆಲವೊಮ್ಮೆ ಸಿಗುವ ಉತ್ತರದಲ್ಲಿ ಅಪಿಕೋಎಕ್ಟಮಿ ಎಂಬ ಪದವಿರುತ್ತದೆ. ಲ್ಯಾಟಿನ್ನಿನ ‘ಅಪೆಕ್ಸ್’ ಎಂದರೆ ತುದಿ, ಗ್ರೀಕ್ ಮೂಲದ ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ಕನ್ನಡದಲ್ಲಿ ಬೇರುತುದಿ ಛೇದನ ಎನ್ನಬಹುದು. ಹೆಸರು ಕೇಳಿ ಹಲ್ಲನ್ನೇ ಕೀಳುತ್ತಾರೆಂದು ಹೆದರುವವರುಂಟು. ಇದು ಹಲ್ಲನ್ನು ಉಳಿಸಿಕೊಳ್ಳಲೆಂದೇ ಮಾಡುವ ಶಸ್ತ್ರಚಿಕಿತ್ಸೆ.

ಮೇಲಿನ ಪ್ರಶ್ನೆ ನ್ಯಾಯವಾದದ್ದೇ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಮೇಲ್ಭಾಗದಿಂದ ಬೇರಿನ ನಾಳಕ್ಕಿಳಿದು, ಅದನ್ನು ಶುಚಿಗೊಳಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬುತ್ತಾರೆ. ಆದರೆ ಆ ನಾಳ ನೇರವಾದ ಕೊಳವೆಯಲ್ಲ. ಹೇಮಾವತಿಯ ನಾಲೆ ಕೊನೆಕೊನೆಗೆ ಕಿರುಗಾಲುವೆಗಳಾಗಿ ಒಡೆಯುವ ಹಾಗೆ, ನಾಳದ ಸೂಕ್ಷ್ಮ ಕವಲುಗಳಲ್ಲಿ ಬಹುಪಾಲು ಬೇರಿನ ಕೊನೆಯ 3 ಮಿಲಿಮೀಟರಿನಲ್ಲಿಯೇ ಇರುತ್ತವೆ. ದೊಡ್ಡ ನಾಲೆಯ ಹೂಳೆತ್ತಿದರೂ ಕಿರುಗಾಲುವೆಗಳ ಹೂಳು ಉಳಿದುಬಿಡುವಂತೆ, ಈ ಕವಲುಗಳಲ್ಲಿ ಅಡಗಿದ ಬ್ಯಾಕ್ಟೀರಿಯಾಗಳು ಸುತ್ತಲಿನ ದವಡೆಯ ಮೂಳೆಯಲ್ಲಿ ಸೋಂಕನ್ನು ಜೀವಂತವಾಗಿಡುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಸರಿಸುಮಾರು ಅಷ್ಟೇ ಉದ್ದವನ್ನು ಕತ್ತರಿಸುವುದಕ್ಕೆ ಕಾರಣ ಇದೇ.

ಇಂಜೆಕ್ಷನ್‌ನಿಂದ ಆ ಜಾಗವನ್ನು ಮರಗಟ್ಟಿಸಿ, ವಸಡನ್ನು ಬಿಡಿಸಿ, ಮೂಳೆಯಲ್ಲಿ ಸಣ್ಣ ಕಿಂಡಿ ಕೊರೆದು ಸೋಂಕಿತ ಅಂಗಾಂಶವನ್ನೂ ಬೇರಿನ ತುದಿಯನ್ನೂ ತೆಗೆಯುತ್ತಾರೆ. ಬಳಿಕ ನಾಳದ ಬಾಯಿಯನ್ನು ಕೆಳಗಿನಿಂದ ಮುಚ್ಚಿ ಹೊಲಿಗೆ ಹಾಕುತ್ತಾರೆ. ಮುಚ್ಚಲು ಹಿಂದೆ ಅಮಾಲ್ಗಮ್ ಎಂಬ ಬೆಳ್ಳಿ ಬಣ್ಣದ ಪಾದರಸದ ಮಿಶ್ರಲೋಹವನ್ನು ಬಳಸುತ್ತಿದ್ದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಎಂಬ ವಸ್ತು ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆಯಿತು. ಅಚ್ಚರಿಯೆಂದರೆ ಇದು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹತ್ತಿರದ ನಂಟ. ತೇವದಲ್ಲಿಯೇ ಗಟ್ಟಿಯಾಗುವುದರಿಂದ ಬಾಯೊಳಗಿನ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ಆದರೂ ಇದು ಮೊದಲ ಆಯ್ಕೆಯಲ್ಲ. ರೂಟ್ ಕೆನಾಲನ್ನು ಮತ್ತೊಮ್ಮೆ ಮಾಡಿ ನೋಡುವ ಅವಕಾಶವಿದ್ದರೆ ಸಾಮಾನ್ಯವಾಗಿ ಅದನ್ನೇ ಮೊದಲು ಮಾಡುವುದು ಲೇಸು. ಕ್ಯಾಪ್, ಪೋಸ್ಟ್ (ಬೇರಿನೊಳಗೆ ಆಧಾರಕ್ಕೆ ಕೂರಿಸಿದ ಕಡ್ಡಿ) ಇತ್ಯಾದಿಗಳನ್ನು ತೆಗೆದರೆ ಹಲ್ಲೇ ಒಡೆಯುವ ಸಂಭವವಿದ್ದಾಗ ಈ ದಾರಿ ಹಿಡಿಯುತ್ತಾರೆ. ಮುಂದಿನ ಹಲ್ಲುಗಳ ಬೇರು ಸುಲಭವಾಗಿ ಕೈಗೆಟುಕುತ್ತದೆ. ಕೆಳದವಡೆಯ ಹಿಂಬದಿಯಲ್ಲಿ ನರ, ಮೇಲ್ದವಡೆಯಲ್ಲಿ ಸೈನಸ್ ಎಂಬ ಗಾಳಿಗೂಡು ಸಮೀಪವಿರುವುದರಿಂದ ದವಡೆ ಹಲ್ಲುಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಹೊಲಿಗೆಯನ್ನು ಒಂದು ವಾರದೊಳಗೆ ಬಿಚ್ಚುತ್ತಾರಾದರೂ ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ಮಾಸುತ್ತಿದೆಯೇ ಎಂದು ವೈದ್ಯರು ಆಗಾಗ ಕರೆಸಿ ನೋಡುವುದು ಅದಕ್ಕಾಗಿ.